ಬೀದೀಲಿ ಆಮೆ ಸಿಕ್ಕಿದರೆ ಎಲ್ಲಿಗೆ ಹೋಗೋದು? ಕೆಂಗೇರಿಯ ವನ್ಯಜೀವಿ ಆಸ್ಪತ್ರೆ, ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಐದು.

ನಾಯಿಮರಿ ಸಿಕ್ಕಿದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಆಮೆ ಸಿಕ್ಕಿದರೆ? ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ, ಹನುಮಂತನಗರದ ನಮ್ಮ ಮನೆ ಗೇಟಿನ ಹತ್ತಿರ ಗುಡಿಸುತ್ತಿದ್ದೆ. ಸ್ಕೂಟರ್ ಪಕ್ಕ ಯಾರೋ ತೆಂಗಿನ ಚಿಪ್ಪು ಎಸೆದಿದ್ದಾರೆ ಅಂದುಕೊಂಡು ಪೊರಕೆಯಲ್ಲಿ ತಳ್ಳಿದೆ. ಬುಸ್ ಅಂತು. ಹಾವೇ ಇರಬೇಕು ಅಂತ ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಆಮೆ ತಲೆ ಒಳಗೆ ಎಳೆದುಕೊಂಡಾಗ ಗಾಳಿ ಹೊರಗೆ ಬರುವ ಸದ್ದಂತೆ ಅದು, ಆಮೇಲೆ ಗೊತ್ತಾಯಿತು.

ಕಪ್ಪು ಚಿಪ್ಪು. ಅದರ ಮೇಲೆ ಸಣ್ಣ ಸಣ್ಣ ಗುಡ್ಡ, ಒಂದೊಂದು ಗುಡ್ಡದ ನೆತ್ತಿಯಿಂದ ಸುತ್ತಲೂ ಇಳಿದ ಹಳದಿ ಗೆರೆ. ನಕ್ಷತ್ರ ಆಮೆ. ಹಿಂಗಾಲು ನೋಡಿದರೆ ಥೇಟ್ ಆನೆ ಕಾಲು. ನಮ್ಮ ಅತ್ತೆ ಒಳಗಿಂದ ಅರಿಶಿನ ಕುಂಕುಮ ತಂದರು. "ತಾನಾಗೇ ಬಂದಿದೆ ಕಣೇ, ಕಳಿಸಬೇಡ" ಅಂತ ಒಂದೇ ಹಟ.

ಆಮೆ ಅಂದರೆ ನೀರು ಅಲ್ವಾ ಅಂತ ನಾನು ಅರ್ಧ ಟಬ್ ನೀರಿನಲ್ಲಿ ಬಿಟ್ಟೆ. ಕತ್ತು ಮೇಲೆತ್ತಿ ನಾಲ್ಕೂ ಕಾಲು ಬಡಿಯಿತು. ಈಜ್ತಿದೆ ಅಂತ ನನ್ನ ಮಗ ಚಪ್ಪಾಳೆ ಬೇರೆ ತಟ್ಟಿದ.

ಆಮೇಲೆ ಸಾಕುಪ್ರಾಣಿ ಸಾಮಾನು ಮಾರುವ ಒಂದು ಅಂಗಡಿಗೆ ಹೋಗಿ ಫೋಟೋ ತೋರಿಸಿದೆ. ಹುಡುಗ 180 ರೂಪಾಯಿಯ ಕಾಳಿನ ಡಬ್ಬಿ ಕೊಟ್ಟ. "ಎಲ್ಲಾ ಆಮೆಗೂ ಇದೇ ಮೇಡಂ" ಅಂದ. ದುಡ್ಡು ಕೊಟ್ಟ ಮೇಲೆ ದನಿ ತಗ್ಗಿಸಿ, "ಬೇಡ ಅಂದ್ರೆ ನಮಗೇ ಕೊಡಿ, ಎರಡು ಸಾವಿರ ಕೊಡ್ತೀನಿ" ಅಂದ. ಅಲ್ಲಿಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಾನು ಮಾರೋಕೆ ಬಂದೋಳಲ್ಲ, ಇವನು ಯಾಕೆ ಕೊಳ್ಳೋಕೆ ನಿಂತ?

ಗೆಳತಿಯೊಬ್ಬಳು ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಫೋನ್ ಮಾಡು ಅಂದಳು. ಮಾಡಿದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ ನನ್ನ ಹೆಸರಲ್ಲ, ವಿಳಾಸವಲ್ಲ. "ನೀರಲ್ಲಿ ಇಟ್ಟಿದ್ದೀರಾ? ಮೊದಲು ತೆಗೀರಿ." ಇದು ನೆಲದ ಆಮೆ, ಈಜು ಬರಲ್ಲ, ಆಳದ ನೀರಲ್ಲಿ ಬಿಟ್ಟರೆ ಮುಳುಗಿ ಸಾಯುತ್ತದಂತೆ. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಪೇಪರ್ ಹಾಸಿ ತನ್ನಿ, ಏನೂ ತಿನ್ನಿಸಬೇಡಿ, ಪದೇ ಪದೇ ಎತ್ತಬೇಡಿ ಅಂದರು. ಎತ್ತಬೇಡಿ ಅಂದದ್ದು ಯಾಕೆ ಅಂತ ಡಬ್ಬಕ್ಕೆ ಹಾಕುವಾಗ ತಿಳಿಯಿತು. ಹೆದರಿ ನನ್ನ ಕೈ ಮೇಲೆಲ್ಲಾ ಉಚ್ಚೆ ಹೊಯ್ದಿತು.

ಉತ್ತರಹಳ್ಳಿ ರಸ್ತೆ ಇವತ್ತಿಗೂ ಮುಗಿಯದ ರಸ್ತೆ. ಆಟೋಗೆ 340 ಆಯಿತು. ಆಟೋದವರು "ಕೇಕಾ ಮೇಡಂ?" ಅಂತ ಕೇಳಿದರು, ಹೂಂ ಅಂದೆ.

ಡಾಕ್ಟರ್ ತೂಕ ಮಾಡಿದರು, ಬಾಯಿ ನೋಡಿದರು. ಆಮೇಲೆ ಚಿಪ್ಪಿನ ಹಿಂದಿನ ಅಂಚು ತೋರಿಸಿದರು. ಅಲ್ಲೊಂದು ದುಂಡನೆ ತೂತು. ನಾನು ಏಟು ಬಿದ್ದಿರಬೇಕು ಅಂದುಕೊಂಡಿದ್ದೆ. ಅಲ್ಲ, ದಾರ ಕಟ್ಟೋಕೆ ಯಾರೋ ಕೊರೆದದ್ದು. ಚಿಪ್ಪು ಅಂದರೆ ಸುಮ್ನೆ ಮೇಲೆ ಹೊದ್ದ ಮುಚ್ಚಳ ಅಲ್ಲ, ಅದರೊಳಗೆ ಮೂಳೆ ಇದೆ, ರಕ್ತ ಓಡುತ್ತದೆ, ನೋವೂ ಆಗುತ್ತದೆ. ನಾನು ಚೆಂದ ಅಂದುಕೊಂಡ ಗುಡ್ಡಗಳೂ ಇಷ್ಟು ಎತ್ತರ ಇರಬಾರದಂತೆ. ಮನೆಯೊಳಗೆ ಬಿಸಿಲಿಲ್ಲದೆ, ಅನ್ನ ಗಿನ್ನ ತಿನ್ನಿಸಿ ಸಾಕಿದರೆ ಚಿಪ್ಪು ಹೀಗೆ ಉಬ್ಬುತ್ತದೆ. ಅಂದರೆ ಇದು ಕಾಡಿಂದ ಬಂದದ್ದಲ್ಲ, ಯಾರದೋ ಮನೆಯಿಂದ ತಪ್ಪಿಸಿಕೊಂಡದ್ದು. ಕೋಲಾರ, ಆಂಧ್ರ ಗಡಿಯ ಕುರುಚಲು ಕಾಡಲ್ಲಿ ಹುಲ್ಲು, ಬಿದ್ದ ಹಣ್ಣು, ಪಾಪಾಸುಕಳ್ಳಿ ಮೇಯುವ ಪ್ರಾಣಿ ಇದು. ಹಾಗಂತ ತಗೊಂಡು ಹೋಗಿ ಅಲ್ಲೇ ಬಿಟ್ಟುಬಿಡೋಕೂ ಆಗಲ್ಲ, ಮನೆಯಲ್ಲಿದ್ದ ಆಮೆಯಿಂದ ಕಾಡಿನವಕ್ಕೆ ರೋಗ ಹರಡಬಹುದು.

"ನಮ್ಮ ಮೇಲೆ ಕೇಸ್ ಆಗುತ್ತಾ?" ಅಂತ ಮೆತ್ತಗೆ ಕೇಳಿದೆ. ಸಿಕ್ಕಿದ್ದನ್ನು ತಂದು ಒಪ್ಪಿಸಿದವರಿಗೆ ಹೆದರಿಕೆ ಯಾಕೆ ಅಂದರು. ಆದರೆ ಇಂಥ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು ಅಂತ ಕಾನೂನಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರ ತಿದ್ದುಪಡಿ ಆದಮೇಲೆ ನಕ್ಷತ್ರ ಆಮೆ ಮೊದಲ ಷೆಡ್ಯೂಲಿನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ, ಹುಲಿ ಜೊತೆ. ಮನೆಯಲ್ಲಿ ಇಟ್ಟುಕೊಂಡರೆ ಮೂರು ವರ್ಷಕ್ಕೆ ಕಮ್ಮಿಯಿಲ್ಲದ ಜೈಲು. ಇದನ್ನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅರಿಶಿನ ಕುಂಕುಮದ ಬಟ್ಟಲು ತಾನಾಗೇ ಒಳಗೆ ಹೋಯಿತು.

ಈ ಆಮೆಗಳ ಕಳ್ಳಸಾಗಣೆ ಎಷ್ಟು ದೂರದವರೆಗೆ ಅಂದರೆ, 2018ರಲ್ಲಿ ಸಿಂಗಾಪುರದಲ್ಲಿ ಸಿಕ್ಕಿದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ತಂದರು. ನಾನಿನ್ನೂ ವಿಮಾನ ಹತ್ತಿಲ್ಲ.

ಆಸ್ಪತ್ರೆಯವರು ಒಂದು ಪೈಸೆ ಕೇಳಲಿಲ್ಲ. ನಾನೇ 500 ಕೊಟ್ಟೆ, ರಸೀದಿ ಕೊಟ್ಟರು. ಮಗನನ್ನು ಕರೆದುಕೊಂಡು ನೋಡೋಕೆ ಬರಬಹುದಾ ಅಂದಾಗ ನಯವಾಗಿ ಬೇಡ ಅಂದರು. ಜನರ ಮುಖ ಎಷ್ಟು ಕಮ್ಮಿ ನೋಡಿದರೆ ಅದಕ್ಕೆ ಅಷ್ಟು ಒಳ್ಳೆಯದಂತೆ. ಮಗ ಅತ್ತ. ನನಗೆ ಆ ನೇರ ಮಾತೇ ಹಿಡಿಸಿತು.

ನಿಮಗೂ ಹೀಗೆ ಸಿಕ್ಕಿದರೆ ಅಲ್ಲಿಗೆ ಫೋನ್ ಮಾಡಿ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ. ಕೆರೆಗೆ ಮಾತ್ರ ಬಿಡಬೇಡಿ.

ಆ 180 ರೂಪಾಯಿಯ ಡಬ್ಬಿ ಸೀಲ್ ಒಡೆಯದೆ ಹಾಗೇ ಇದೆ. ಹಿಂದೆ ತಿರುಗಿಸಿ ಓದಿದರೆ ಮೀನಿನ ಪುಡಿ, ಸೀಗಡಿ ಪುಡಿ ಅಂತಿದೆ, ನೀರಾಮೆಗೆ ಮಾಡಿದ್ದು. ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂದ. ಮೀನು ಸಾಕಿರೋರು ಹನುಮಂತನಗರದ ಕಡೆ ಯಾರಾದರೂ ಇದ್ದರೆ ತಿಳಿಸಿ, ಸುಮ್ನೆ ಕೊಡುತ್ತೇನೆ.