ಮನೇಲಿ ಮಾಡಿದ ಲಾಗರ್ ಬೀರ್ ತಿಳಿ ಮಾಡೋಕೆ ಜೆಲಟಿನ್ನಾ, ಸಿಲಿಕಾನಾ, ಇಲ್ಲ ಸುಮ್ನೆ ಕಾಯೋದಾ?

ಮೊದ್ಲೇ ಹೇಳ್ಬಿಡ್ತೀನಿ, ಬರೀ ತಿಳಿ ಆಗೋದೊಂದೇ ಲೆಕ್ಕ ಅಂದ್ರೆ ಜೆಲಟಿನ್ ಮುಂದೆ ಯಾವ್ದೂ ನಿಲ್ಲಲ್ಲ. ಆದ್ರೂ ನಮ್ಮನೆ ಕೆಗ್‌ಗೆ (ಬೀರ್ ತುಂಬಿಡೋ ಪೀಪಾಯಿ) ಅದನ್ನ ಹಾಕೋದು ಬಿಟ್ಟಿದೀನಿ. (ನಾನಿರೋದು ಪೋರ್ಟ್‌ಲ್ಯಾಂಡ್, ಒರೆಗಾನ್. ಇಲ್ಲಿ ಮನೆ ಮಟ್ಟಿಗೆ ಬೀರ್ ಮಾಡ್ಕೊಳ್ಳೋಕೆ ಕಾನೂನಲ್ಲಿ ಅವಕಾಶ ಇದೆ, ಊರಲ್ಲಿರೋರು ಲೈಸೆನ್ಸ್ ಇಲ್ದೆ ಶುರು ಹಚ್ಕೊಂಡು ಅಬಕಾರಿಯವ್ರ ಕೈಗೆ ಸಿಕ್ಕಾಕೋಬೇಡಿ.)

ಏನಾದ್ರೂ ಹಾಕೋಕೆ ಮುಂಚೆ ಯಾವ ಮಬ್ಬು ಅಂತ ನೋಡ್ಕೊಳ್ಳಿ. ಒಂದ್ ಗ್ಲಾಸ್ ಹಿಡ್ದು ಹೊರಗಡೆ ಇಡಿ, ತಣ್ಣಗಿದ್ದಾಗ ಮಬ್ಬಾಗಿದ್ದಿದ್ದು ಬೆಚ್ಚಗಾಗ್ತಾ ತಿಳಿಯಾದ್ರೆ ಅದು ಚಿಲ್ ಹೇಜ್, ಅಂದ್ರೆ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪ್ರೋಟೀನೂ ಪಾಲಿಫಿನಾಲೂ (ಒಗರು ಕೊಡೋ ಅಂಶ) ಸೇರ್ಕೊಂಡು ಆಗೋದು. ಬೆಚ್ಚಗಾದ್ರೂ ಹಂಗೇ ಇದ್ರೆ ಹೆಚ್ಚಾಗಿ ಈಸ್ಟು. ಒಂದ್ ಹನಿ ಅಯೋಡಿನ್ ಬಿಟ್ಟಾಗ ನೀಲಿ-ಕಪ್ಪಾಯ್ತು ಅಂದ್ರೆ ಪಿಷ್ಟ ಉಳ್ಕೊಂಡಿದೆ, ಅದಕ್ಕೆ ಕೆಳಗಿನ ಯಾವ್ದೂ ಕೆಲ್ಸಕ್ಕೆ ಬರಲ್ಲ, ಮ್ಯಾಶ್ (ಮಾಲ್ಟ್‌ನ ಬಿಸಿನೀರಲ್ಲಿ ನೆನೆಸಿ ಪಿಷ್ಟನ ಸಕ್ಕರೆ ಮಾಡೋ ಹಂತ) ಸರಿಯಾಗಿಲ್ಲ ಅಷ್ಟೆ.

ಜೆಲಟಿನ್: 19 ಲೀಟರ್ ಕೆಗ್‌ಗೆ ಅರ್ಧ ಟೀ ಚಮಚ ಸಾಕು. ಪ್ಲೇನ್ ಜೆಲಟಿನ್ ಪುಡಿನ ಸ್ವಲ್ಪ ನೀರಲ್ಲಿ ನೆನೆಸಿ, 65-70 ಡಿಗ್ರಿಗೆ ಬಿಸಿ ಮಾಡಿ (ಕುದಿಸ್ಬೇಡಿ, ಕುದ್ರೆ ಅದ್ರ ಶಕ್ತಿ ಹೋಗುತ್ತೆ), ಬೀರ್ 2-3 ಡಿಗ್ರಿಲಿ ಇದ್ದಾಗ ಸುರೀರಿ. ಕೆಂಪು ನೀರಿಗೆ ಪಟಿಕ ಆಡಿಸಿದ ಹಾಗೆ ಎಲ್ಲಾ ತಳಕ್ಕೆ ಕೂತ್ಕೊಳ್ಳುತ್ತೆ, ಈಸ್ಟ್‌ಗೆ ನೆಗೆಟಿವ್ ಚಾರ್ಜು, ಜೆಲಟಿನ್‌ಗೆ ಪಾಸಿಟಿವ್ವು, ಹಂಗಾಗಿ ಒಂದಕ್ಕೊಂದು ಅಂಟ್ಕೊಳ್ಳತ್ವೆ. ಎರಡು ದಿನ ಬಿಟ್ಟು ಮೊದಲನೇ ಗ್ಲಾಸ್ ತೆಗೆದ್ರೆ ಬರೀ ಗಸಿ, ಅದನ್ನ ಚೆಲ್ಲಿ. ಆಮೇಲಿನ ಗ್ಲಾಸ್ ಹಿಂದೆ ಪೇಪರ್ ಹಿಡಿದ್ರೆ ಅಕ್ಷರ ಓದ್ಬೋದು. ಚಿಲ್ ಹೇಜ್ ಕೂಡ ಬಹುಪಾಲು ಹೋಗುತ್ತೆ.

ತೊಂದ್ರೆ ಎಲ್ಲಿ ಅಂದ್ರೆ ಅದು ದನದ್ದೋ ಹಂದಿದೋ ಚರ್ಮ-ಮೂಳೆಯಿಂದ ಬರೋದು. ವೀಕೆಂಡ್‌ಗೆ ಬರೋ ಗ್ಯಾಂಗಲ್ಲಿ ಅರ್ಧಕ್ಕರ್ಧ ಜನ ವೆಜ್ಜು, "ಇದ್ರಲ್ಲಿ ಏನೂ ನಾನ್‌ವೆಜ್ ಹಾಕಿಲ್ಲ ತಾನೆ ಮಾರಾಯ?" ಅಂತ ಕೇಳಿದ್ಮೇಲೆ ಸುಳ್ಳು ಹೇಳೋಕಾಗುತ್ತಾ? ತಳದಲ್ಲೇ ಉಳಿಯುತ್ತೆ ಅನ್ನೋ ವಾದ ಅವ್ರ ಹತ್ರ ನಡೆಯಲ್ಲ, ನಡೀಬೇಕಾಗೂ ಇಲ್ಲ. ಬೀರ್ ತಿಳಿ ಮಾಡೋಕೆ ಬಳಸೋ ಐಸಿಂಗ್ಲಾಸೂ ಅಷ್ಟೆ, ಮೀನಿನ ಗಾಳಿಚೀಲದ್ದು.

ಲಿಕ್ವಿಡ್ ಸಿಲಿಕಾ (ಬಯೋಫೈನ್ ಕ್ಲಿಯರ್ ಥರದ್ದು, ಮರಳಲ್ಲಿರೋ ಖನಿಜವೇ, ಪ್ರಾಣಿಯದ್ದಲ್ಲ): ನನ್ನ ಓಟು ಇದಕ್ಕೆ. ಬಿಸಿ ಮಾಡೋ ರಗಳೆ ಇಲ್ಲ, ಬಾಟಲ್ ಮೇಲಿನ ಅಳತೆಗೆ ತಣ್ಣಗಿನ ಕೆಗ್‌ಗೆ ಸುರಿದು ಚೆನ್ನಾಗಿ ಬೆರೆಸಿದ್ರೆ ಮುಗೀತು. ಈಸ್ಟ್ ಮಬ್ಬಿಗೆ ಜೆಲಟಿನ್‌ಗೆ ಹತ್ರ ಹತ್ರ ಬರುತ್ತೆ, ಒಂದೆರಡು ದಿನ ಜಾಸ್ತಿ ತಗೊಳ್ಳುತ್ತೆ, ಚಿಲ್ ಹೇಜ್‌ಗೆ ಮಾತ್ರ ಅಷ್ಟಕ್ಕಷ್ಟೆ.

ಆ ಚಿಲ್ ಹೇಜ್‌ಗೆ ಪಿವಿಪಿಪಿ ಪುಡಿ ಇದೆ, ಪಾಲಿಫಿನಾಲ್‌ನ ಹಿಡ್ಕೊಂಡು ಕೂರುತ್ತೆ. ಆದ್ರೆ ಅದು ಪ್ಲಾಸ್ಟಿಕ್ಕು, ನೆನೆಸ್ಬೇಕು, ಕೂತ್ಮೇಲೆ ಬೀರ್‌ನ ಬೇರೆ ಕೆಗ್‌ಗೆ ಹುಷಾರಾಗಿ ಇಳಿಸ್ಬೇಕು, ನಂಗೆ ಅಷ್ಟು ತಾಳ್ಮೆ ಇಲ್ಲ. ವರ್ಲ್‌ಫ್ಲಾಕ್ ಮಾತ್ರೆ ಕಡಲಪಾಚಿಯ ಸರಕು, ಹುದುಗಿಸೋಕೆ ಮುಂಚೆ ಮಾಲ್ಟ್ ರಸ ಕುದಿಸ್ತೀವಲ್ಲ, ಅದು ಮುಗಿಯೋಕೆ ಹದಿನೈದ್ ನಿಮಿಷ ಇದ್ದಾಗ ಹಾಕೋದು, ಅದು ಇವಕ್ಕೆ ಪೈಪೋಟಿನೇ ಅಲ್ಲ, ಪ್ರತಿ ಸಲ ಇದ್ದೇ ಇರುತ್ತೆ.

ಇನ್ನು ಸುಮ್ನೆ ಕಾಯೋದು. 0-1 ಡಿಗ್ರಿಲಿ ಆರು ವಾರ ಬಿಟ್ರೆ ತಾನಾಗೇ ತಿಳಿಯಾಗುತ್ತೆ, ರುಚಿನೂ ಮೃದುವಾಗುತ್ತೆ, ರುಚಿಯ ಆ ಕೆಲ್ಸ ಯಾವ ಪುಡಿನೂ ಮಾಡಲ್ಲ. ಆದ್ರೆ ಅಷ್ಟ್ ದಿನ ಫ್ರಿಡ್ಜ್ ಬ್ಲಾಕು. ಅದಕ್ಕೇ ಮೂರು ವಾರ ತಂಪಲ್ಲಿಟ್ಟು ಕೊನೇಲಿ ಸಿಲಿಕಾ ಹಾಕ್ತೀನಿ, ಉಳಿಯೋ ಚೂರುಪಾರು ಚಿಲ್ ಹೇಜ್‌ಗೆ ತಲೆ ಕೆಡಿಸ್ಕೊಳ್ಳಲ್ಲ. ಹೆಫೆವೈಜನ್ (ಗೋಧಿ ಹಾಕಿದ ಜರ್ಮನ್ ಬೀರ್) ಮಾಡೋರು ಮಾತ್ರ ಇದ್ಯಾವ್ದನ್ನೂ ಮುಟ್ಟಬೇಡಿ, ಅದು ಮಬ್ಬಾಗಿದ್ರೇನೇ ಚೆಂದ.