ರಂಗದ ಮೇಲಿನ ಕಂಪ್ಯೂಟರಿಗೆ ಯಾವ ತಂತ್ರಾಂಶ?

ನಮ್ಮ ಹವ್ಯಾಸಿ ತಂಡದ ಹೊಸ ನಾಟಕದ ಎರಡನೆಯ ಅಂಕ ನಡೆಯುವುದು ಸೈಬರ್ ಠಾಣೆಯಲ್ಲಿ. ಮೇಜಿನ ಮೇಲೊಂದು ಕಂಪ್ಯೂಟರ್. ಅದರ ಪರದೆ ಅರ್ಧ ಪ್ರೇಕ್ಷಕರತ್ತ ತಿರುಗಿದೆ. ಹದಿನಾಲ್ಕು ನಿಮಿಷ ಅದು ದುಡಿಯುತ್ತಲೇ ಇರುವಂತೆ ಕಾಣಬೇಕು. ಪರಿಕರಗಳ ಹೊಣೆ ನನ್ನದು. ಖಾಲಿ ಲೋಟದಿಂದ ಕಾಫಿ ಕುಡಿದಂತೆ ನಟ ತೋರಿಸಬಲ್ಲ, ಜನ ನಂಬುತ್ತಾರೆ. ಪರದೆಗೆ ಆ ರಿಯಾಯಿತಿ ಇಲ್ಲ. ತನ್ನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅದು ತನ್ನ ಬೆಳಕಿನಲ್ಲೇ ಹೇಳಿಬಿಡುತ್ತದೆ. ಆದ್ದರಿಂದ ಕುವೆಂಪುನಗರದ ತಾಲೀಮು ಕೋಣೆಯಲ್ಲಿ ಎರಡು ವಾರ ನಾಲ್ಕು ತಂತ್ರಾಂಶಗಳನ್ನು ಓಡಿಸಿ ನೋಡಿದೆ.

ಮೊದಲ ನೋಟಕ್ಕೆ ಮನಸೆಳೆದದ್ದು 'ಹಾಲಿವುಡ್'. ಡಸ್ಟಿನ್ ಕಿರ್ಕ್‌ಲ್ಯಾಂಡ್ ಬರೆದ ಇದು ಉಬುಂಟು ಎಂಬ ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಸುಲಭವಾಗಿ ಸಿಗುತ್ತದೆ. ಒಂದೇ ಆದೇಶಕ್ಕೆ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ) ಹಲವು ಚೌಕಗಳಾಗಿ ಒಡೆಯುತ್ತದೆ: ಒಂದರಲ್ಲಿ ಪ್ರೊಸೆಸರಿನ ಲೆಕ್ಕ, ಇನ್ನೊಂದರಲ್ಲಿ ಕಡತಗಳ ಪಟ್ಟಿ, ಮತ್ತೊಂದರಲ್ಲಿ ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿಗಳ ಸಾಲು. ಬಣ್ಣಗಳೂ ಸೊಗಸು. ಆದರೆ ಇಲ್ಲಿ ಓಡುವುದು ಬರಿಯ ಚಿತ್ರವಲ್ಲ, ಬಹುಪಾಲು ನಿಜವಾದ ಪ್ರೋಗ್ರಾಮುಗಳೇ. ನಮ್ಮ ಹಳೆಯ ಲ್ಯಾಪ್‌ಟಾಪ್ ಐದೇ ನಿಮಿಷಕ್ಕೆ ಬಿಸಿಯಾಗಿ ಫ್ಯಾನ್ ಗೊರಗುಟ್ಟತೊಡಗಿತು. ಮಗನ ಹೆಸರನ್ನು ಆರೋಪಿಗಳ ಪಟ್ಟಿಯಲ್ಲಿ ಕಂಡ ತಾಯಿ ಮಾತಿಲ್ಲದೆ ನಿಲ್ಲುವ ದೃಶ್ಯದಲ್ಲಿ ಆ ಸದ್ದು ಕಿವಿಗೆ ರಾಚಿತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ತಾಲೀಮು ನೋಡಲು ಬಂದವರೆಲ್ಲ ತಾಯಿಯನ್ನು ಬಿಟ್ಟು ಪರದೆಯನ್ನೇ ನೋಡುತ್ತಿದ್ದರು. ನಿರ್ದೇಶಕರು ಎದ್ದು ಬಂದು, "ಇದನ್ನು ತೆಗೆಯಿರಿ, ಇದು ನಟನೆ ಮಾಡುತ್ತಿದೆ" ಎಂದರು. ಅವರ ಮಾತು ಸರಿ.

'ಫೇಕ್ ಅಪ್‌ಡೇಟ್' ಒಂದು ಜಾಲತಾಣ. ವಿಂಡೋಸ್ ಎಕ್ಸ್‌ಪಿ, 7, 10 ಹೀಗೆ ಬೇರೆ ಬೇರೆ ಆವೃತ್ತಿಗಳು ತಮ್ಮನ್ನು ನವೀಕರಿಸಿಕೊಳ್ಳುತ್ತಿರುವ ಪರದೆಯನ್ನು ಹಾಗೆಯೇ ತೋರಿಸುತ್ತದೆ. ಎಫ್11 ಒತ್ತಿದರೆ ತುಂಬುಪರದೆ. ಇದರಲ್ಲಿ ನನಗೆ ಇಷ್ಟವಾದದ್ದು ಬೆಳಕು. ಕಪ್ಪು ಟರ್ಮಿನಲ್ ನಟನ ಮುಖಕ್ಕೆ ಏನನ್ನೂ ಕೊಡುವುದಿಲ್ಲ. ಈ ನವೀಕರಣ ಪರದೆಯ ನೀಲಿ ಮಾತ್ರ ಗಲ್ಲ, ಮೂಗಿನ ಅಂಚು, ಕನ್ನಡಕದ ಗಾಜಿನ ಮೇಲೆ ತೆಳುವಾಗಿ ನಿಲ್ಲುತ್ತದೆ. ಅಪ್ಪಿತಪ್ಪಿ ಎಂಟರ್ ಒತ್ತಿದರೆ ಕಂಪ್ಯೂಟರ್ ಕೆಟ್ಟು ನಿಂತಾಗಿನ ಪರದೆ ಬಂದುಬಿಡುತ್ತದೆ, ಎಚ್ಚರ. ಕಚೇರಿಯಲ್ಲಿ ಜನ ಕಾಯುತ್ತ ಕುಳಿತ ದೃಶ್ಯಕ್ಕೆ ಇದು ಹೇಳಿ ಮಾಡಿಸಿದಂತಿದೆ. ತನಿಖೆಯ ದೃಶ್ಯಕ್ಕೆ ಹೊಂದುವುದಿಲ್ಲ.

'ಜೆನ್‌ಆಕ್ಟ್' ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡುತ್ತದೆ, ಇಂಟರ್ನೆಟ್ ಬೇಡ. ಕರ್ನೆಲ್, ಅಂದರೆ ಕಾರ್ಯವ್ಯವಸ್ಥೆಯ ತಿರುಳು, ಕಂಪೈಲ್ ಆಗಿ ಸಿದ್ಧವಾಗುತ್ತಿರುವಂತೆಯೋ ಏನೋ ಡೌನ್‌ಲೋಡ್ ಆಗುತ್ತಿರುವಂತೆಯೋ ಸಾಲುಗಳು ಉರುಳುತ್ತವೆ; ಒಳಗೆ ಯಾವ ಕೆಲಸವೂ ನಡೆಯುತ್ತಿರುವುದಿಲ್ಲ, ಹಾಗಾಗಿ ಫ್ಯಾನ್ ತೆಪ್ಪಗಿತ್ತು. ಬೇಕಾದ ದೃಶ್ಯವನ್ನು ಮಾತ್ರ ಆರಿಸಬಹುದು, ವೇಗ ಬದಲಿಸಬಹುದು, ಇಷ್ಟು ಹೊತ್ತಿಗೆ ನಿಲ್ಲು ಎಂದು ಹೇಳಿಡಬಹುದು. ಇದನ್ನು ಬರೆದವರು ನಿಜವಾದ ಕಂಪ್ಯೂಟರನ್ನು ಕಣ್ಣಿಟ್ಟು ನೋಡಿದ್ದಾರೆ. ಹತ್ತು ಸಾಲು ಸರಸರನೆ ಹರಿಯುತ್ತದೆ, ಹನ್ನೊಂದನೆಯದರಲ್ಲಿ ತುಸು ತಡೆಯುತ್ತದೆ, ಮತ್ತೆ ಹರಿಯುತ್ತದೆ. ನಂಬಿಕೆ ಹುಟ್ಟುವುದು ಆ ತಡೆಯಲ್ಲೇ. ಒಂದೇ ಕೊರತೆ: ನಟಿ ಕೀಲಿಮಣೆಯಿಂದ ಕೈ ಎತ್ತಿದರೂ ಅದು ಓಡುತ್ತಲೇ ಇರುತ್ತದೆ.

ಆ ಕೊರತೆ ನೀಗಿಸುವುದು 'ಹ್ಯಾಕರ್ ಟೈಪರ್'. 2011ರಿಂದ ಇರುವ ಜಾಲಪುಟ. ಯಾವ ಕೀಲಿ ಒತ್ತಿದರೂ ಲಿನಕ್ಸ್ ಕರ್ನೆಲ್‌ನ ನಿಜವಾದ ಕೋಡ್ ಕೆಲವು ಅಕ್ಷರಗಳಷ್ಟು ಮೂಡುತ್ತದೆ. ಒಂದು ಒತ್ತಿಗೆ ಎಷ್ಟು ಅಕ್ಷರ ಎಂಬುದನ್ನು ನಾವೇ ಗೊತ್ತುಮಾಡಬಹುದು; ನಾನು ಮೂರಕ್ಕಿಟ್ಟೆ. ಆಲ್ಟ್ ಮೂರು ಸಲ ಒತ್ತಿದರೆ ಪ್ರವೇಶ ಸಿಕ್ಕಿತೆಂಬ, ಕ್ಯಾಪ್ಸ್ ಲಾಕ್ ಮೂರು ಸಲ ಒತ್ತಿದರೆ ನಿರಾಕರಿಸಲಾಯಿತೆಂಬ ಪೆಟ್ಟಿಗೆ ಪರದೆಯ ನಡುವೆ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಆಲ್ಟ್ ಒತ್ತಿದಾಗ ಮೆನು ಇಣುಕಿದ್ದರಿಂದ ಬ್ರೌಸರ್ ಬದಲಿಸಿದೆ. ಅಧಿಕಾರಿಯ ಪಾತ್ರ ಮಾಡುವವರು ಶಾಲಾ ಶಿಕ್ಷಕಿ. ಅವರಿಗೆ ಟೈಪಿಂಗ್ ಬಾರದು. ಮೊದಲ ದಿನ ಎರಡೇ ಬೆರಳಿನಲ್ಲಿ ಕುಟ್ಟಿದರು. ನಾಲ್ಕನೆಯ ದಿನದ ಹೊತ್ತಿಗೆ ಸಿಟ್ಟು ಬಂದಾಗ ಜೋರಾಗಿ, ಅನುಮಾನ ಬಂದಾಗ ಒಂದೊಂದೇ ಕೀಲಿ ಒತ್ತತೊಡಗಿದ್ದರು. ತಾಯಿ ಒಳಗೆ ಬಂದಾಗ ಅವರ ಬೆರಳು ನಿಂತಿತು, ಪರದೆಯೂ ನಿಂತಿತು. ಕೋಣೆ ನಿಶ್ಶಬ್ದವಾಯಿತು. ಉಳಿದ ಮೂರರಲ್ಲಿ ಯಾವುದೂ ಇದನ್ನು ಕೊಡಲಾರದು.

ಪುಟ ಒಮ್ಮೆ ತೆರೆದ ಮೇಲೆ ಇಂಟರ್ನೆಟ್ ಕಿತ್ತುಹಾಕಿದರೂ ನಮ್ಮ ಯಂತ್ರದಲ್ಲಿ ಅದು ಓಡಿತು. ಆದರೂ ಪ್ರತಿ ಪ್ರದರ್ಶನಕ್ಕೆ ಮೊದಲು ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಪುಟ ತೆರೆದಿಡುವುದು ನನ್ನ ಪಟ್ಟಿಯಲ್ಲಿದೆ. ಮೈಸೂರಿನ ಕಿರುರಂಗಮಂದಿರದಲ್ಲಿ ಮುಂದಿನ ಸಾಲು ತೀರಾ ಹತ್ತಿರ, ಅಕ್ಷರ ಹೇಗಿದ್ದರೂ ಕಾಣುತ್ತದೆ. ಮಂಡ್ಯದ ಕಲಾಮಂದಿರಕ್ಕೆ ಹೋದಾಗ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಬೇಕು. ಅಧಿಕಾರಿಯ ಮೇಜಿಗೆ ಹ್ಯಾಕರ್ ಟೈಪರ್, ಹಿಂದಿನ ಕಾನ್‌ಸ್ಟೇಬಲ್ ಮೇಜಿಗೆ ವೇಗ ತಗ್ಗಿಸಿದ ಜೆನ್‌ಆಕ್ಟ್ ಎಂದು ತೀರ್ಮಾನವಾಗಿದೆ.