ಮಾನಿಟರ್ ಹತ್ತುತ್ತೀರೋ, ವರ್ಜೀನಿಯಾ ಹತ್ತುತ್ತೀರೋ?

1862ರ ಮಾರ್ಚ್ 9, ಅಮೆರಿಕದ ಅಂತರ್ಯುದ್ಧ. ವರ್ಜೀನಿಯಾ ರಾಜ್ಯದ ಕರಾವಳಿಯ ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಉತ್ತರದವರ ಮಾನಿಟರ್, ದಕ್ಷಿಣದವರ ವರ್ಜೀನಿಯಾ ಎಂಬ ಎರಡು ಕಬ್ಬಿಣದ ಕವಚದ ಹಡಗುಗಳು ಗಂಟೆಗಟ್ಟಲೆ ಗುಂಡು ಹಾರಿಸಿಕೊಂಡವು. ಯಾವುದೂ ಮುಳುಗಲಿಲ್ಲ.

ಫಿರಂಗಿ ಎಣಿಸುವವರು ದಕ್ಷಿಣದವರ ವರ್ಜೀನಿಯಾ ಕಡೆ ವಾಲುತ್ತಾರೆ. ಹತ್ತು ದೊಡ್ಡ ಫಿರಂಗಿ, ಮೂತಿಗೆ ಇರಿಯುವ ಕಬ್ಬಿಣದ ಕೊಂಬು. ಹಿಂದಿನ ದಿನವಷ್ಟೇ ಉತ್ತರದವರ ಕಂಬರ್ಲೆಂಡ್ ಹಡಗನ್ನು ಗುದ್ದಿ ಮುಳುಗಿಸಿತ್ತು. ಕೊಂಬು ಮಾತ್ರ ಅಲ್ಲೇ ಮುರಿದುಹೋಯಿತು. ಎಂಜಿನ್ನೋ, ಮೊದಲೇ ಸುಟ್ಟುಹೋಗಿದ್ದ ಮೆರಿಮ್ಯಾಕ್ ಎಂಬ ಹಡಗಿನ ಹಳೇ ಸಾಮಾನು. ಪೂರ್ತಿ ತಿರುಗಲು ಕನಿಷ್ಠ ಅರ್ಧ ಗಂಟೆ!

ಮಾನಿಟರ್‌ಗೆ ಇದ್ದದ್ದು 11 ಇಂಚಿನ ಎರಡೇ ಫಿರಂಗಿ. ಆದರೆ ಹಡಗಿನ ವಿನ್ಯಾಸಕಾರ ಎರಿಕ್‌ಸನ್ ಅವನ್ನು ಉಗಿಯಿಂದ ತಿರುಗುವ ದುಂಡು ಗೋಪುರದಲ್ಲಿ ಕೂರಿಸಿದ್ದ. ಗೋಡೆ 8 ಇಂಚು ದಪ್ಪ. ಹಡಗು ತಿರುಗದಿದ್ದರೂ ಫಿರಂಗಿ ತಿರುಗುತ್ತದೆ. ತಮಾಷೆ ಎಂದರೆ, ಗೋಪುರವನ್ನು ಬೇಕಾದಲ್ಲಿ ನಿಲ್ಲಿಸುವುದೇ ಕಷ್ಟ. ಹಾಗಾಗಿ ತಿರುಗುತ್ತಿರುವಾಗಲೇ ಗುಂಡು ಹಾರಿಸಿದರು.

ನದಿ, ಕೊಲ್ಲಿ ಆದರೆ ನಾನು ಮಾನಿಟರ್ ಹತ್ತುತ್ತೇನೆ. ಅದಕ್ಕೆ ಹನ್ನೊಂದು ಅಡಿ ನೀರು ಸಾಕು. ವರ್ಜೀನಿಯಾಕ್ಕೆ ಅದರ ಸುಮಾರು ಎರಡರಷ್ಟು. ಜೇಮ್ಸ್ ನದಿಯ ಆಳ ಸಾಲದೆ ಮೇ ತಿಂಗಳಲ್ಲಿ ಅದನ್ನು ಅದರವರೇ ಸುಟ್ಟರು.

ತೆರೆದ ಕಡಲಿಗೆ ಎರಡೂ ಬೇಡ. ಮಾನಿಟರ್ ಡೆಕ್ ನೀರಿನಿಂದ ಒಂದೂವರೆ ಅಡಿ ಮೇಲಿದ್ದರೆ ಹೆಚ್ಚು. ಅದೇ ವರ್ಷದ ಕೊನೆಯ ದಿನ, ಕೇಪ್ ಹ್ಯಾಟರಸ್ ಬಳಿ ಬಿರುಗಾಳಿಗೆ ಸಿಕ್ಕಿ 16 ಜನರೊಂದಿಗೆ ಮುಳುಗಿತು.